ತಣ್ಣಗಾಗದ ಎಂಜಿನ್

“ಆ ಗಂಟಿಗಿ ಕೈ ಹಚ್ಚಬ್ಯಾಡ್ರಿ,” ಎಂದ ಗ್ಯಾರೇಜಿನ ಹಳೆಯ ಕೆಲಸಗಾರ ಮರೆಪ್ಪ. “ಗಾಡಿ ನಿಂತದ. ನಿಂತಿರಲಿ.”

ರಮಾನಾಥ ಎಂಜಿನ್ ಗೂಡಿನೊಳಗಿಂದ ತಲೆ ಹೊರಗೆ ತೆಗೆಯಲಿಲ್ಲ. ಮುಂಬಯಿಯ ಭಾಂಡುಪಿನ ಆ ತಗಡಿನ ಶೆಡ್ಡು ಮೇ ತಿಂಗಳ ಬೆಳಗ್ಗೆ ಒಂಬತ್ತಕ್ಕೇ ಕಾದ ಬಾಣಲೆಯಾಗಿತ್ತು. ಸುಟ್ಟ ಎಣ್ಣೆ, ತುಕ್ಕು, ಇಲಿ ಹಿಕ್ಕೆಯ ವಾಸನೆ ಒಂದರ ಮೇಲೊಂದು ಕೂತಿತ್ತು. ಟಾರ್ಚಿನ ಬೆಳಕು ಫ್ಯಾನಿನ ತಗಡು ಹೊದಿಕೆಯೊಳಗೆ ಬಿದ್ದಿತ್ತು. ಅಲ್ಲಿ, ಮೂರನೆಯ ಸಿಲಿಂಡರಿಗೆ ಗಾಳಿ ಇಳಿಯುವ ಕಂಡಿಯಲ್ಲಿ, ಮುಷ್ಟಿಗಾತ್ರದ ಕರಿಬಟ್ಟೆಯ ಗಂಟು. ಅದರ ಮೇಲೆ ಕೆಂಪು ದಾರದ ಸುತ್ತುಗಳು.

“ಇದು ನೀರಿನ ಎಂಜಿನ್ ಅಲ್ಲ ಮರೆಪ್ಪಣ್ಣ, ಗಾಳಿಯಿಂದ ತಣ್ಣಗಾಗುವಂಥದ್ದು. ಗಾಳಿಯ ದಾರಿಗೇ ಗಂಟು ತುರುಕಿದ್ದಾರೆ. ಹೆಣದ ಮೂಗಿಗೆ ಹತ್ತಿ ಇಟ್ಟ ಹಾಗೆ ಉಂಟು. ಮತ್ತೆ ಓಡುವುದು ಹೇಗೆ?”

“ನೀವು ಬಿ.ಎಸ್ಸಿ. ಮಂದಿ, ಓದಿದ್ದು ಹೇಳ್ತೀರಿ. ನಾ ಕಣ್ಣಾರೆ ಕಂಡದ್ದು ಹೇಳ್ತೀನಿ. ಅದು ಕಟ್ಟು. ಒಳಗ ಇರೂದನ್ನ ಕಟ್ಟಿ ಹಾಕ್ಯಾರ.”

“ಒಳಗೆ ಎಂತ ಉಂಟು? ನಾಲ್ಕು ಪಿಸ್ಟನ್.”

“ಹಸಿವು ಅದ,” ಎಂದ ಮರೆಪ್ಪ.

ರಮಾನಾಥ ನಕ್ಕ. ಚಾಕುವಿನಿಂದ ದಾರ ಕೊಯ್ದು ಗಂಟನ್ನು ಹೊರಗೆಳೆದ. ಒಳಗೆ ಹೆಂಗಸಿನ ಉದ್ದ ಕೂದಲಿನ ಉಂಡೆ, ಒಣಗಿದ ಅರಿಸಿನದ ಕೊಂಬು, ಗೀರು ಗೀರಾದ ಒಂದು ಸೀಸದ ತಗಡು. ಎಣ್ಣೆ ಒರೆಸಿದ ಚಿಂದಿ ಸುಡುತ್ತಿದ್ದ ಡಬ್ಬಿಗೆ ಎಲ್ಲವನ್ನೂ ಎಸೆದ. ಕೂದಲು ಚಿಟಚಿಟನೆ ಸುಟ್ಟು ಕಮಟು ಹೊಗೆ ಎದ್ದಿತು. ಮರೆಪ್ಪ ಗಾಡಿಗೆ ಬೆನ್ನು ತೋರಿಸದೆ, ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತಾ ಶೆಡ್ಡಿನಿಂದ ಹೊರಗೆ ಹೋದ.

ಅದು ಎಪ್ಪತ್ತಮೂರನೆಯ ಇಸವಿ. ರಮಾನಾಥ ಉಡುಪಿಯಲ್ಲಿ ಭೌತಶಾಸ್ತ್ರ ಓದಿ, ಒಂದು ವರ್ಷ ಮೋಟಾರು ಕೆಲಸ ಕಲಿತು, ಮುಂಬಯಿಗೆ ಬಂದು ಹದಿನೈದು ದಿನವಾಗಿತ್ತು. ಹೋಟೆಲಿನ ಚೆನ್ನಯ ಅವನ ದೂರದ ನೆಂಟ, ಗ್ಯಾರೇಜೂ ಅವನದೇ. ಕೆಲಸ ಕೊಟ್ಟ. ರೂಮು ಮಾತ್ರ ಎಲ್ಲೂ ಸಿಗಲಿಲ್ಲ. ಕೊನೆಗೆ ಚೆನ್ನಯ ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದ ಈ ಗಾಡಿಯನ್ನು ತೋರಿಸಿದ್ದ. ಯಾರೋ ಪರದೇಶಿ ಗಂಡಹೆಂಡಿರು ಜರ್ಮನಿಯಿಂದ ಭೂಮಾರ್ಗವಾಗಿ ಓಡಿಸಿಕೊಂಡು ಬಂದು ಬಿಟ್ಟುಹೋದ ಹಳೆಯ ವ್ಯಾನು. ಒಳಗೆ ಮಂಚ, ಕಪಾಟು, ಒಲೆ, ಕಿಟಕಿಗೆ ಪರದೆ. “ಓಡುವ ಹಾಗೆ ಮಾಡು, ರೂಮು ಸಿಗುವ ತನಕ ಅದರಲ್ಲೇ ಇರು,” ಎಂದಿದ್ದ. ರಮಾನಾಥನಿಗೆ, ಅವನ ಹೆಂಡತಿ ವಿನೋದಿನಿಗೆ, ಎಂಟು ತಿಂಗಳ ಮಗಳು ರಾಜೀವಿಗೆ ಅದು ಮನೆಯಾಯಿತು. ಮಗುವಿನ ಹಾಸಿಗೆ ಹಿಂಭಾಗದ ಹಲಗೆಯ ಮೇಲೆ. ಹಲಗೆಯ ಕೆಳಗೆ ಎಂಜಿನ್.

ಗಂಟು ತೆಗೆದ ದಿನವೇ ಎಂಜಿನ್ ಎರಡನೆಯ ಯತ್ನಕ್ಕೆ ಹೊತ್ತಿಕೊಂಡಿತು. ರಮಾನಾಥ ದಿನಾ ಬೆಳಗ್ಗೆ ಮುಲುಂಡಿನವರೆಗೆ ಹೋಗಿ ಹೋಟೆಲಿಗೆ ತರಕಾರಿ ತರತೊಡಗಿದ. ಜೂನ್ ಬಂತು, ಮಳೆ ಹಿಡಿಯಿತು. ತಗಡಿನ ಮೇಲೆ ಹಗಲಿಡೀ ಕಲ್ಲು ಸುರಿದಂಥ ಸದ್ದು. ಚಾಳಿನವರ ಹಾಸಿಗೆಗಳೆಲ್ಲ ಹಸಿ ಹಿಡಿದು ನಾರುತ್ತಿದ್ದವು. ವ್ಯಾನಿನಲ್ಲಿ ಮಾತ್ರ ಎಲ್ಲ ಗರಿಗರಿ.

“ಹಾಸಿಗೆ ಎಷ್ಟು ಬೆಚ್ಚಗೆ ಉಂಟು ಗೊತ್ತಾ?” ಎಂದಳು ವಿನೋದಿನಿ. “ಬಾಣಂತನಕ್ಕೆ ಅಮ್ಮನ ಮನೆಗೆ ಹೋಗುವ ಬದಲು ಇಲ್ಲಿಗೇ ಬರಬಹುದಿತ್ತು.”

ಆ ಶನಿವಾರ ರಮಾನಾಥ ಟ್ಯಾಪೆಟ್ ಸೆಟ್ ಮಾಡಲು ತೀರ್ಮಾನಿಸಿದ. ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಬಿಸಿಗೆ ಲೋಹ ಹಿಗ್ಗುತ್ತದೆ, ಆದ್ದರಿಂದ ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಆ ಸಂದನ್ನು ಅಳೆಯಬೇಕು. ಅವನು ಗಾಡಿಯನ್ನು ಶನಿವಾರ ನಿಲ್ಲಿಸಿ ಭಾನುವಾರ ಬೆಳಗ್ಗೆ ಅಂಗೈ ಇಟ್ಟು ನೋಡಿದ.

ಕೈ ಚುರ್ ಎಂದಿತು.

ಅವನಿಗೆ ಹೆದರಿಕೆಯಾಗಲಿಲ್ಲ; ಕುತೂಹಲವಾಯಿತು. ಬ್ಯಾಟರಿಯ ತಂತಿ ಕಳಚಿದ. ಫ್ಯಾನ್ ಬೆಲ್ಟು ತೆಗೆದಿಟ್ಟ. ಗಾಡಿಯನ್ನು ಬೇಕೆಂದೇ ನಿಲ್ಲಿಸಿ, ಮೂರನೆಯ ಸಿಲಿಂಡರಿನ ಮೇಲೆ ಪಾದರಸದ ಥರ್ಮಾಮೀಟರ್ ಕಟ್ಟಿ, ಬೆಳಗ್ಗೆ ಸಂಜೆ ನೋಟುಬುಕ್ಕಿನಲ್ಲಿ ಬರೆದ. ಅರವತ್ತೊಂದು ಡಿಗ್ರಿ ಸೆಲ್ಸಿಯಸ್. ಅರವತ್ತೊಂದು. ಅರವತ್ತೊಂದು. ಶೆಡ್ಡಿನ ಗಾಳಿ ಇಪ್ಪತ್ತೇಳು. ಸುತ್ತಲಿಗಿಂತ ಬಿಸಿಯಾದ ವಸ್ತು ತಣಿಯಲೇಬೇಕು. ತಣಿಯದಿದ್ದರೆ ಎಲ್ಲಿಂದಲೋ ಅದಕ್ಕೆ ಶಾಖ ಬರುತ್ತಿರಬೇಕು. ಎಲ್ಲಿಂದ?

ಮಂಗಳವಾರ ವಿನೋದಿನಿ ಪರದೆ ಸರಿಸಿ ಕರೆದಳು. ಅವಳ ದನಿ ಸಣ್ಣದಾಗಿತ್ತು.

“ಮಗು ಹಾಲು ಚೀಪುವಾಗ ಬಾಯಿ ತಣ್ಣಗೆ ಉಂಟು. ತುಟಿ ಅಲ್ಲ. ಬಾಯಿಯ ಒಳಗೆ.”

ಜ್ವರದ ಥರ್ಮಾಮೀಟರ್ ತೊಂಬತ್ತೆಂಟು ಫ್ಯಾರನ್‌ಹೀಟ್ ಇರಬೇಕಾದಲ್ಲಿ ತೊಂಬತ್ತೈದು ತೋರಿಸಿತು. ಡಾಕ್ಟರು ನಿಶ್ಶಕ್ತಿ ಎಂದರು, ಕಂಬಳಿ ಸುತ್ತಲು ಹೇಳಿದರು. ರಮಾನಾಥ ನೋಟುಬುಕ್ಕಿನಲ್ಲಿ ಇನ್ನೊಂದು ಗೆರೆ ಎಳೆದು ಮಗುವಿನ ಉಷ್ಣವನ್ನೂ ಬರೆಯತೊಡಗಿದ. ಬರೆಯುವಾಗ, ಎಂಜಿನ್ನಿನ ಶಾಖ ಮಗುವಿನಿಂದಲೇ ಬರುತ್ತಿದೆಯೇ ಎಂಬ ಯೋಚನೆ ಬಂತು. ಕೂಡಲೇ ಲೆಕ್ಕ ಹಾಕಿದ. ಎಂಟು ಕಿಲೋ ಮಗು ಕಳೆದುಕೊಂಡ ಶಾಖ ನೂರು ಕಿಲೋ ಲೋಹವನ್ನು ಒಂದು ಗಂಟೆಯೂ ಬಿಸಿಯಾಗಿಡಲಾರದು. ಲೆಕ್ಕ ಕೂಡಲಿಲ್ಲ. ಅವನಿಗೆ ಸಮಾಧಾನವಾಯಿತು. ಮರೆಪ್ಪನ ಮಾತು ನೆನೆದು ತನ್ನನ್ನೇ ಹಾಸ್ಯ ಮಾಡಿಕೊಂಡ. ಮಗುವಿನಿಂದ ಶಾಖವಲ್ಲದೆ ಬೇರೇನೋ ಹೋಗುತ್ತಿರಬಹುದು, ಅದನ್ನು ಅಳೆಯುವ ಮಾಪಕ ತನ್ನಲ್ಲಿಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ. ಇನ್ನೂ ಎರಡು ದಿನ ಗಾಡಿಯನ್ನು ನಿಲ್ಲಿಸಿಯೇ ಇಟ್ಟ.

ಆ ಎರಡು ದಿನದಲ್ಲಿ ಮಗು ಅಳುವುದನ್ನು ನಿಲ್ಲಿಸಿತು.

ಗುರುವಾರ ಬೆಳಗ್ಗೆ ಮಗುವಿನ ಉಷ್ಣ ತೊಂಬತ್ತನಾಲ್ಕಕ್ಕೆ ಇಳಿದಿತ್ತು. ವಿನೋದಿನಿ ಗಂಡನನ್ನು ಒಂದು ಮಾತೂ ಕೇಳದೆ, ಮಗುವನ್ನು ಸೆರಗಿನೊಳಗೆ ಒತ್ತಿಕೊಂಡು ಶೆಡ್ಡಿನ ಹಿಂದಿನ ಚಾಳಿಗೆ, ಮರೆಪ್ಪನ ಖೋಲಿಗೆ ಹೋದಳು. ನಡುವೆ ಒಂದೇ ತಗಡಿನ ಗೋಡೆ. ರಮಾನಾಥ ಒಬ್ಬನೇ ಗಾಡಿಯ ಮುಂದೆ ನಿಂತ. ಸರಿ, ಬಿಚ್ಚಿಯೇ ಬಿಡುತ್ತೇನೆ ಎಂದುಕೊಂಡ. ಬಿಚ್ಚಿದರೆ ಕಬ್ಬಿಣದ ತುಂಡು. ಪಾನಾ ಹಿಡಿದು ಗಾಡಿಯ ಕೆಳಗೆ ತೆವಳಿ ಎಣ್ಣೆ ಇಳಿಸುವ ಬಿರಡೆಯನ್ನು ತಿರುಗಿಸಿದ.

ಐದು ದಿನ ನಿಂತ ಎಂಜಿನ್ನಿನಿಂದ ಎಣ್ಣೆ ಕುದಿಯುತ್ತಾ ಸುರಿಯಿತು. ಕಪ್ಪಗೆ, ದಪ್ಪಗೆ, ಉಗುಳು ಉಗುಳಾಗಿ. ಅದರ ವಾಸನೆ ಎಣ್ಣೆಯದಾಗಿರಲಿಲ್ಲ. ಹಸಿಹಾಲಿನ ವಾಸನೆ.

ಗೋಡೆಯ ಆಚೆ ವಿನೋದಿನಿ ಚೀರಿದಳು.

“ಇವರೇ! ಉಸಿರಿಲ್ಲ! ಮಗುವಿಗೆ ಉಸಿರಿಲ್ಲ!”

ಅವನು ಹೆಬ್ಬೆರಳನ್ನು ರಂಧ್ರಕ್ಕೆ ಒತ್ತಿದ. ಚರ್ಮ ಬೆಂದಿತು. ಒತ್ತಿಯೇ ಹಿಡಿದ. ಒಂದು. ಎರಡು. ಮೂರು. ಗೋಡೆಯ ಆಚೆ ಮಗು ಬಿಕ್ಕಿತು. ಆಮೇಲೆ ಅತ್ತಿತು.

ಒಂದು ಸಲ ಆದದ್ದು ಆಕಸ್ಮಿಕ ಇರಬಹುದು. ಕಲಿತ ವಿದ್ಯೆ ಅವನಿಗೆ ಅಷ್ಟನ್ನು ಹೇಳಿಕೊಟ್ಟಿತ್ತು. ಅವನು ಹೆಬ್ಬೆರಳನ್ನು ಮತ್ತೆ ತೆಗೆದ.

ಅಳು ಕತ್ತರಿಸಿದಂತೆ ನಿಂತಿತು.

ಬಿರಡೆ ಹಾಕಿದೊಡನೆ ಮಗು ಮತ್ತೆ ಅತ್ತಿತು. ಚೆಲ್ಲಿದಷ್ಟು ಎಣ್ಣೆ ತುಂಬಿ ಹೊರಗೆ ಬಂದಾಗ ಮರೆಪ್ಪ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. ಒಳಗೆ ಕಾಲಿಡಲಿಲ್ಲ.

“ಮದ್ಲ ಇದರ ಮೆಕ್ಯಾನಿಕ್ ಬಂಡೆಪ್ಪ, ನಮ್ಮೂರವ,” ಎಂದ. “ಎಂಜಿನ್ ಸತ್ತಿತ್ತು. ಪರದೇಶದ ಪಾರ್ಟ್ ಎಲ್ಲಿಂದ ತರ್ತಾನ? ದಹಿಸರ್ ಕಡಿಂದ ಯಾವನೋ ಮಾಟದಾಂವನ್ನ ಕರಕೊಂಡು ಬಂದು ಅದಕ್ಕ ಜೀವ ತುಂಬಿಸ್ದ. ಹೆಂಡ್ತಿ ಚಂದ್ರವ್ವ ಗಾಡ್ಯಾಗೇ ಮಲಗ್ತಿದ್ಲು. ಗಾಡಿ ಓಡಿದ ದಿನ ಆಕಿ ಚಲೋ ಇರ್ತಿದ್ಲು. ನಿಂತ ದಿನ ತಣ್ಣಗಾಗ್ತಿದ್ಲು.”

“ಆಮೇಲೆ?”

“ಸಿಟ್ಟು ಬಂದು ಸುತ್ತಿಗಿ ತಗೊಂಡ. ಒಂದೇ ಏಟು ಹೊಡದ.” ಮರೆಪ್ಪ ಬಾಯಿ ಒರೆಸಿಕೊಂಡ. “ಆಕಿ ಒಲಿ ಮುಂದ ಕುಂತಿದ್ಲು. ಕುಂತಲ್ಲೇ ಹೋದ್ಲು. ಆ ಮ್ಯಾಲ ಆಕಿ ಕೂದಲಿಂದನೇ ಕಟ್ಟು ಹಾಕ್ಸಿದ್ವಿ.”

“ಇನ್ನೊಂದು ಸಲ ಹಾಕಿಸುವ, ಮರೆಪ್ಪಣ್ಣ. ನಿಮ್ಮ ಕಾಲಿಗೆ ಬೀಳ್ತೇನೆ.”

“ಹಾಕಿದಾಂವ ಸತ್ತಾನ. ಗಂಟು ನೀವೇ ಸುಟ್ಟೀರಿ.” ಅವನು ಗಾಡಿಯತ್ತ ಗದ್ದ ಎತ್ತಿದ. “ನಿಂತ್ಕೊಂಡು ಏನ್ ನೋಡ್ತೀರಿ? ಚಾಲೂ ಮಾಡ್ರಿ!”

ಬೆಂದ ಬೆರಳಿನಲ್ಲೇ ಬೆಲ್ಟು ಹಾಕಿ, ತಂತಿ ಜೋಡಿಸಿ ಎಂಜಿನ್ ಹೊತ್ತಿಸಿದ. ಕಾಲು ಗಂಟೆಯಲ್ಲಿ ಮಗುವಿನ ತುಟಿಗೆ ಬಣ್ಣ ಬಂತು. ಅರ್ಧ ಗಂಟೆಯಲ್ಲಿ ಅದು ಮರೆಪ್ಪನ ಮೀಸೆ ಹಿಡಿದು ಎಳೆಯಿತು.

ಅಂದಿನಿಂದ ಗಾಡಿ ಒಂದು ದಿನವೂ ನಿಲ್ಲಲಿಲ್ಲ. ಓಡಿದರೆ ಎಂಜಿನ್ ತನ್ನ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತಿತ್ತು. ನಿಂತರೆ ಮಗುವಿನಿಂದ ಎಳೆದುಕೊಳ್ಳುತ್ತಿತ್ತು. ಮಗು ಎಲ್ಲಿ ಮಲಗಿದರೂ ಅಷ್ಟೇ. ರಮಾನಾಥ ಪ್ಲಗ್ಗು ತಿಕ್ಕಿದ, ಎಣ್ಣೆ ಬದಲಿಸದೆ ಸೋಸದೆ ಮೇಲಿಂದ ಮಾತ್ರ ತುಂಬಿದ, ದಿನಾ ಕಿವಿಗೊಟ್ಟು ಕೇಳಿದ. ಆಗಸ್ಟಿನ ಒಂದು ಮಧ್ಯಾಹ್ನ ಮೂರನೆಯ ಸಿಲಿಂಡರಿನ ಟಿಕ್‌ಟಿಕ್ ಕೇಳಿಸಲಿಲ್ಲ. ಸದ್ದಿಲ್ಲದ ವಾಲ್ವನ್ನು ಕಂಡು ಖುಷಿಪಡುವವನು ಮೆಕ್ಯಾನಿಕ್ ಅಲ್ಲ. ಸಂದು ಮುಚ್ಚಿದೆ. ವಾಲ್ವು ಸರಿಯಾಗಿ ಕೂರುತ್ತಿಲ್ಲ. ಹೀಗೇ ಓಡಿಸಿದರೆ ಸುಟ್ಟು ತುಂಡಾಗುತ್ತದೆ. ತುಂಡಾದರೆ ಎಂಜಿನ್ ಇಲ್ಲ.

ತಣ್ಣಗಾಗುವವರೆಗೆ ಕಾಯುವಂತಿರಲಿಲ್ಲ. ಬಿಸಿಯಲ್ಲೇ, ಅಂದಾಜಿನಲ್ಲಿ ಮಾಡಬೇಕು.

ಹೊರಗೆ ಮೋಡ ಇಳಿದು ಶೆಡ್ಡಿನಲ್ಲಿ ಹಗಲೇ ಕತ್ತಲಾಗಿತ್ತು. ವಿನೋದಿನಿ ಮಗುವನ್ನು ಹಲಗೆಯ ಮೇಲೆ ಮಲಗಿಸಿ ಅದರ ಎದೆಗೆ ಕಿವಿಯಿಟ್ಟಳು. ರಮಾನಾಥ ಗಾಡಿಯ ಬದಿಯಲ್ಲಿ ಅಂಗಾತ ಮಲಗಿ, ವಾಲ್ವಿನ ಮುಚ್ಚಳ ತೆಗೆದು, ಎಂಜಿನ್ನಿನ ಚಕ್ರವನ್ನು ಪಾನಾದಿಂದ ಹಿಂದಕ್ಕೆ ತಿರುಗಿಸತೊಡಗಿದ.

“ಉಂಟು,” ಎಂದಳು ಅವಳು ಮೇಲಿಂದ. ಒಂದೊಂದು ಉಸಿರಿಗೂ ಒಂದೊಂದು ಸಲ. “ಉಂಟು... ಉಂಟು...”

ಮೊದಲನೆಯ ಸಿಲಿಂಡರ್. “ಉಂಟು.” ಎರಡನೆಯದು. “ಉಂಟು.” ಮೂರನೆಯದರ ಪಿಸ್ಟನ್ ಮೇಲೇರಿತು. ತುದಿ ಮುಟ್ಟಿತು. ನಿಂತಿತು.

ಮೇಲಿನಿಂದ ಸದ್ದಿಲ್ಲ.

“ವಿನೋದಿನಿ?”

ಹಲಗೆಯನ್ನು ಉಗುರಿನಿಂದ ಕೆರೆಯುವ ಸದ್ದು ಮಾತ್ರ.

ನಟ್ಟು ಸಡಿಲಿಸಬೇಕು. ಪಾನಾ ಜಾರಿತು. ಮತ್ತೆ ಹಿಡಿದ. ನಟ್ಟು ತಿರುಗಿತು. ಸ್ಕ್ರೂ ಅರ್ಧ ಸುತ್ತು ಹಿಂದಕ್ಕೆ. ತೆಳು ಉಕ್ಕಿನ ಪಟ್ಟಿ ಸಂದಿನೊಳಗೆ ಹೋಗಲಿಲ್ಲ. ಇನ್ನಷ್ಟು. ಹೋಯಿತು. ಸಡಿಲ. ಜಾಸ್ತಿಯಾಯಿತು. ಬೆವರು ಕಣ್ಣಿಗಿಳಿಯಿತು. ಬಿಗಿ ಮಾಡಿದ. ಪಟ್ಟಿ ಹಿಡಿದು ಹಿಡಿದು ಬಂತು. ಸರಿ. ನಟ್ಟು ಬಿಗಿ. ಬಿಗಿ ಮಾಡುವಾಗ ಸ್ಕ್ರೂ ತಿರುಗಿತು. ದೇವರೇ. ಮತ್ತೆ ಸಡಿಲಿಸಿದ. ಮತ್ತೆ ಪಟ್ಟಿ. ಮೇಲಿಂದ ವಿನೋದಿನಿಯ ಕಣ್ಣೀರು ಹಲಗೆಯ ಸಂದಿನಿಂದ ಬಿದ್ದು ಕಾದ ತಗಡಿನ ಮೇಲೆ ಚುಯ್ಯೆಂದಿತು. ಹಿಡಿದ. ಬಿಗಿದ. ನಿಂತಿತು. ಚಕ್ರ! ಪಾನಾ ಹಾಕಿ ಮೈಯ ಬಲವೆಲ್ಲ ಕೊಟ್ಟು ತಿರುಗಿಸಿದ. ಪಿಸ್ಟನ್ ಕೆಳಗಿಳಿಯಿತು. ಎಂಜಿನ್ ಹಸಿದ ಬಾಯಿಯಂತೆ ಗಾಳಿ ಎಳೆದುಕೊಂಡಿತು.

ಅವನು ಪಾನಾ ಹಿಡಿದೇ ಹಲಗೆಗೆ ಕಿವಿಗೊಟ್ಟ.

“ಉಂಟು,” ಎಂದಳು ವಿನೋದಿನಿ.

ಐದು ವರ್ಷ ಕಳೆಯಿತು. ರೂಮುಗಳು ಸಿಕ್ಕಿದವು, ಅವರು ಹೋಗಲಿಲ್ಲ. ಊರಿಗೂ ಹೋಗಲಿಲ್ಲ. ರಮಾನಾಥನ ಕೂದಲು ಮೂವತ್ತೆರಡಕ್ಕೇ ಬೆಳ್ಳಗಾಯಿತು. ಸವೆದ ವಾಲ್ವಿನ ಸಂದು ತಿಂಗಳು ತಿಂಗಳೂ ಕಿರಿದಾಗುತ್ತಿತ್ತು. ಅವನು ತಿಂಗಳು ತಿಂಗಳೂ ಸ್ಕ್ರೂವನ್ನು ಚೂರು ಹಿಂದಕ್ಕೆ ತಿರುಗಿಸುತ್ತಿದ್ದ. ಆ ಸ್ಕ್ರೂವಿಗೆ ಹಿಂದಕ್ಕೆ ಬರಲು ಇನ್ನು ಜಾಗವಿಲ್ಲವೆಂದು ಕಳೆದ ಸಲ ಮುಚ್ಚಳ ಹಾಕುವಾಗ ನೋಡಿದ್ದ. ವಿನೋದಿನಿಗೆ ಹೇಳಿರಲಿಲ್ಲ.

ಒಂದು ಬೆಳಗ್ಗೆ ಅವನು ಎಂಜಿನ್ ಹೊತ್ತಿಸಿ ಕೈ ಒರೆಸಿಕೊಳ್ಳುತ್ತಿದ್ದಾಗ ರಾಜೀವಿ ಶಾಲೆಯ ಯೂನಿಫಾರ್ಮಿನಲ್ಲಿ, ಎರಡು ಜಡೆ ಹಾಕಿಸಿಕೊಂಡು ಓಡಿಬಂದಳು. ಬಲಗೈ ಪಕ್ಕೆಲುಬಿನ ಮೇಲಿತ್ತು. ಮುಖ ಅರಳಿತ್ತು.

“ಅಪ್ಪಾ, ಇಧರ್ ಯಾವಾಗ್ಲೂ ಟಿಕ್‌ಟಿಕ್ ಅಂತ ಚುಚ್ಚುತ್ತದಲ್ಲ? ಆಜ್ ಇಲ್ಲ. ಬಿಲ್ಕುಲ್ ಚುಪ್.”

ರಮಾನಾಥ ಎಂಜಿನ್ನಿನತ್ತ ಕಿವಿ ತಿರುಗಿಸಿದ. ಅಲ್ಲೂ ಟಿಕ್‌ಟಿಕ್ ಇರಲಿಲ್ಲ. ಆಮೇಲೆ ಮಗಳ ಮುಂದೆ ಮಂಡಿಯೂರಿ ಅವಳ ಬೆನ್ನಿನ ಶಾಲೆಯ ಚೀಲವನ್ನು ಮೆಲ್ಲನೆ ಕಳಚಿದ.

“ಇವತ್ತು ಸ್ಕೂಲಿಗೆ ಬೇಡ ಮಗಾ. ಅಮ್ಮನ ಹತ್ತಿರ ಕೂತಿರು.”

“ಕ್ಯೂಂ?” ಎಂದು ಅವಳು ನಕ್ಕಳು. “ನೋವೇ ಇಲ್ಲ ಅಂತ ಹೇಳಿದೆ ಅಲ್ವಾ ಅಪ್ಪಾ?”