ಕುಡಿಯದೆ ಉಳಿಸಿದ ಸೀಸೆಗಳು

ಬಲು ಹಿಂದಿನ ಮಾತೇನಲ್ಲ. ಒಂದು ಗಾಜಿನ ಆಚೆಗೆ ಹೊಂಬಾಳೆ ಎಂಬ ರಾಜ್ಯವಿತ್ತು. ಅಲ್ಲಿ ಬೆಟ್ಟ ಹಸಿರು, ಹೊಳೆ ನೀಲಿ, ಅರಮನೆಗೆ ಏಳು ಉಪ್ಪರಿಗೆ. ಇಷ್ಟಿದ್ದೂ ಅಲ್ಲಿ ಯಾರಿಗೂ ಸುಖವಿರಲಿಲ್ಲ. ನಿದ್ದೆಗಳ್ಳನೆಂಬ ಮಾಂತ್ರಿಕ ರಾಜ್ಯದ ನಿದ್ದೆಯನ್ನೆಲ್ಲ ಕದ್ದು, ಕರಿಯ ಕೊಪ್ಪರಿಗೆಯಲ್ಲಿ ತುಂಬಿ, ಮುಚ್ಚಳ ಹಾಕಿ ಕೂತಿದ್ದ. ರಾಜ ಸಿಂಹಾಸನದಲ್ಲಿ ಕಣ್ಣು ಬಿಟ್ಟುಕೊಂಡೇ ಇದ್ದ. ಹಸುಗೂಸುಗಳು ತೊಟ್ಟಿಲಲ್ಲಿ ಕಣ್ಣು ಬಿಟ್ಟುಕೊಂಡೇ ಇದ್ದವು. ಕೋಳಿಗಳಿಗೆ ಯಾವಾಗ ಕೂಗಬೇಕೆಂಬುದೇ ಮರೆತುಹೋಗಿತ್ತು.

ಅಂಥ ರಾಜ್ಯಕ್ಕೆ ಬಂದವಳು ಧವಳೆ ಎಂಬ ವ್ರತವೀರೆ. ಒಂದು ಕೈಯಲ್ಲಿ ಕತ್ತಿ, ಇನ್ನೊಂದು ಕೈಯಲ್ಲಿ ಮಂತ್ರ. ಗಾಯಗೊಂಡವರ ಕಡೆಗೆ ಅಂಗೈ ಚಾಚಿದರೆ ಸಾಕು, ಬೆಳಕು ಸುರಿದು ಗಾಯ ಮಾಯುತ್ತಿತ್ತು. ಆದರೆ ವ್ರತವೀರರಿಗೊಂದು ಕಟ್ಟಳೆ. ಅವರ ಮಂತ್ರ ಪರರಿಗೆ ಮಾತ್ರ, ತಮಗೆ ಹತ್ತುವುದಿಲ್ಲ. ತಮಗೆ ಏಟು ಬಿದ್ದರೆ ಅಮೃತದ ಸೀಸೆ ಕುಡಿಯಬೇಕು. ಸೀಸೆಗಳೇನೋ ದಾರಿಯುದ್ದಕ್ಕೂ ಸಿಗುತ್ತಿದ್ದವು. ಧವಳೆ ಒಂದನ್ನೂ ಬಿಡದೆ ಆಯ್ದು ಚೀಲಕ್ಕೆ ಹಾಕಿಕೊಂಡಳು. ಒಂದನ್ನೂ ಕುಡಿಯಲಿಲ್ಲ.

ಅದರಲ್ಲಿ ಧವಳೆಯ ತಪ್ಪೇನಿಲ್ಲ. ಅದು ಅವಳನ್ನು ಆಡಿಸುತ್ತಿದ್ದ ವನಜಾಕ್ಷಿಯ ಸ್ವಭಾವ.

ವನಜಾಕ್ಷಿ ಇದ್ದದ್ದು ಗಾಜಿನ ಈಚೆಗೆ, ತಿಪಟೂರಿನ ಒಂದು ಮನೆಯಲ್ಲಿ. ಅತ್ತೆಗೆ ಲಕ್ವ ಹೊಡೆದು ಎರಡು ವರ್ಷವಾಗಿತ್ತು. ಮಗ್ಗುಲು ಬದಲಿಸುವುದು, ಗಂಜಿ ಕುಡಿಸುವುದು, ಬಟ್ಟೆ ಒಗೆಯುವುದು ಎಲ್ಲ ಇವಳದೇ. ಗಂಡ ಸರ್ವೆ ಕೆಲಸದ ಮೇಲೆ ಊರೂರು ಸುತ್ತುವವನು. ಓರಗಿತ್ತಿ ಕುಸುಮ, ಅಂದರೆ ಮೈದುನನ ಹೆಂಡತಿ, ಅರಸೀಕೆರೆಯಲ್ಲಿದ್ದಳು. ಅಕ್ಕ ಮನೆಯಿಂದ ಹೊರಗೆ ಕಾಲೇ ಇಡುವುದಿಲ್ಲವಲ್ಲ ಎಂದು ಅವಳೇ ತನ್ನ ಹಳೆಯ ವಿಡಿಯೋ ಆಟದ ಪೆಟ್ಟಿಗೆ ತಂದು ಟೀವಿಗೆ ಸಿಕ್ಕಿಸಿ ಕೊಟ್ಟಿದ್ದಳು. ಮಧ್ಯಾಹ್ನ ಅತ್ತೆಗೆ ಜೊಂಪು ಹತ್ತಿದ ಮೇಲೆ ಇಬ್ಬರೂ ತಂತಮ್ಮ ಊರಿನಿಂದಲೇ ಹೊಂಬಾಳೆಗೆ ಹೋಗುತ್ತಿದ್ದರು. ಅಲ್ಲಿ ಕುಸುಮ ಬಿಲ್ಲುಗಾತಿ. ವನಜಾಕ್ಷಿ ಹೆಡ್‌ಫೋನನ್ನು ಒಂದೇ ಕಿವಿಗೆ ಹಾಕಿಕೊಳ್ಳುತ್ತಿದ್ದಳು. ಇನ್ನೊಂದು ಕಿವಿ ಅತ್ತೆಗೆ ಮೀಸಲು. ಏನಾದರೂ ಬೇಕಾದರೆ ಅತ್ತೆ ಸ್ಟೀಲ್ ಲೋಟಕ್ಕೆ ಚಮಚ ಬಡಿಯುತ್ತಿದ್ದರು.

ದಿನವಿಡೀ ಆರೈಕೆ ಮಾಡಿ ಹೈರಾಣಾದವಳು ಆಟದಲ್ಲಾದರೂ ಕಳ್ಳಿಯೋ ಮಾಟಗಾತಿಯೋ ಆಗಬಾರದಿತ್ತೇ? ಇಲ್ಲ. ಅಲ್ಲೂ ಹೋಗಿ ಗಾಯ ಮಾಯಿಸುವವಳೇ ಆದಳು. ಕೆಲವರ ಹಣೆಬರಹವೇ ಹಾಗೆ.

ಮೊದಲ ಸವಾಲು ಕಲ್ಲಿನ ಸೇತುವೆಯ ಮೇಲೆ. ಅಲ್ಲಿ ಎರಡು ತಲೆಯ ಗೂಳಿಯೊಂದು ಅಡ್ಡ ನಿಂತಿತ್ತು. ಒಂದು ತಲೆ ಬೆಂಕಿ ಉಗುಳಿತು, ಇನ್ನೊಂದು ತಲೆ ಹಿಮ ಉಗುಳಿತು. ಧವಳೆ ಮುಂದೆ ನಿಂತು ಏಟು ತಿಂದಳು, ಬಿಲ್ಲುಗಾತಿ ಹಿಂದಿನಿಂದ ಬಾಣ ಬಿಟ್ಟಳು. ಬಿಲ್ಲುಗಾತಿಗೆ ಒಂದು ಕಿಡಿ ತಾಗಿದರೂ ಧವಳೆಯ ಅಂಗೈ ಅತ್ತ ಚಾಚುತ್ತಿತ್ತು. ಕೊನೆಗೆ ಗೂಳಿ ಹೊಳೆಗೆ ಉರುಳಿತು.

"ಅಕ್ಕಾ, ನಿಮ್ಮ ಜೀವ ಅರ್ಧಕ್ಕಿಳಿದಿದೆ. ಒಂದು ಸೀಸೆ ಕುಡೀರಿ," ಎಂದಳು ಕುಸುಮ.

"ಇರ್ಲಿ ಬಿಡು. ಮುಂದೆ ಬೇಕಾಗುತ್ತೆ."

ಎರಡನೆಯ ಸವಾಲು ಜೌಗಿನಲ್ಲಿ. ನಿದ್ದೆಗೆಟ್ಟು ನೆರಳಾಗಿಹೋದ ಜನ ಸೊಂಟದವರೆಗೆ ಕೆಸರಲ್ಲಿ ನಿಂತು "ನನಗೊಂದಿಷ್ಟು, ನನಗೊಂದಿಷ್ಟು" ಎಂದು ಕೈಯೊಡ್ಡುತ್ತಿದ್ದರು. ಕಂಡೂ ಕಾಣದಂತೆ ದಾಟಿಹೋಗಬಹುದಿತ್ತು. ಧವಳೆ ಒಬ್ಬೊಬ್ಬರ ಹತ್ತಿರವೂ ನಿಂತಳು. ನೆರಳುಗಳೆಲ್ಲ ಮನುಷ್ಯರಾಗಿ ದಡ ಹತ್ತಿದವು. ಅಷ್ಟರಲ್ಲಿ ಕೆಸರಿನ ಜಿಗಣೆಗಳು ಧವಳೆಯ ಕಾಲು ಹಿಡಿದಿದ್ದವು, ಈಚೆಗೆ ಲೋಟ ಟಣಟಣ ಎಂದಿತು. ವನಜಾಕ್ಷಿ ಎದ್ದು ಹೋದಳು. ಧವಳೆ ಕೆಸರಲ್ಲಿ ಮರದ ಬೊಂಬೆಯಂತೆ ನಿಂತಳು, ಬಿಲ್ಲುಗಾತಿ ಸುತ್ತ ಸುತ್ತಿ ಕಾದಳು.

ಅತ್ತೆಯ ಹಾಸಿಗೆ ಬದಲಿಸಿ, ಕೈತೊಳೆದು ವಾಪಸು ಬರುವ ಹೊತ್ತಿಗೆ ಧವಳೆಯಲ್ಲಿ ಕಾಲುಭಾಗ ಜೀವ ಉಳಿದಿತ್ತು.

"ಅಕ್ಕಾ, ಈಗಲಾದ್ರೂ ಕುಡೀರಿ."

"ಇರ್ಲಿ ಬಿಡು. ಮುಂದೆ ಬೇಕಾಗುತ್ತೆ."

"ನನಗೂ ಇದೇ ಮಾತು ಹೇಳ್ತೀರಿ ನೀವು. ನಾನು ಬಂದು ಒಂದು ತಿಂಗಳು ಅತ್ತೇನ ನೋಡ್ಕೋತೀನಿ ಅಂದ್ರೆ, ಬೇಕಾದಾಗ ಕರೀತೀನಿ ಅಂತೀರಿ. ಯಾವತ್ತಕ್ಕ ಅದು?"

"ಇನ್ನೂ ಕೈಲಾಗುತ್ತೆ ಕಣೆ," ಎಂದಳು ವನಜಾಕ್ಷಿ.

ಕೈಲಾಗುತ್ತಿರಲಿಲ್ಲ. ಆ ದಿನ ಬೆಳಿಗ್ಗೆ ಒಲೆಯ ಮುಂದೆ ನಿಂತಲ್ಲೇ ತೂಕಡಿಸಿ ಹಾಲು ಉಕ್ಕಿಸಿದ್ದಳು. ಆದರೆ ಅವಳಿಗೊಂದು ಭಯ. ಇರುವ ಒಂದೇ ಆಸರೆಯನ್ನು ಈಗಲೇ ಬಳಸಿಬಿಟ್ಟರೆ, ನಾಳೆ ಇದಕ್ಕಿಂತ ದೊಡ್ಡ ಕಷ್ಟ ಬಂದಾಗ ಏನು ಗತಿ? ಹೀಗೆಂದುಕೊಂಡೇ ಎರಡು ವರ್ಷ ದೂಡಿದ್ದಳು.

ಮೂರನೆಯ ಸವಾಲು ನಿದ್ದೆಗಳ್ಳನೇ. ಇಲ್ಲಿ ವ್ರತವೀರೆ ಬಿದ್ದರೆ ಮುಗಿಯಿತು. ಇಬ್ಬರೂ ರಾಜ್ಯದ ಮೊದಲ ಬಾಗಿಲಿಗೆ ವಾಪಸು, ಗೂಳಿ ಮತ್ತೆ ಸೇತುವೆಗೆ, ದಡ ಹತ್ತಿದ ಜನ ಮತ್ತೆ ಕೆಸರಿಗೆ. ತಿಂಗಳುಗಟ್ಟಲೆ ನಡೆದ ದಾರಿಯೆಲ್ಲ ನೀರುಪಾಲು.

ನಿದ್ದೆಗಳ್ಳ ಅಬ್ಬರಿಸಲಿಲ್ಲ. ಕೊಪ್ಪರಿಗೆಯ ಮೇಲೆ ಕೂತು ಮೆತ್ತಗೆ ಕರೆದ. "ಬಾ ಮಗಳೇ, ಬಹಳ ದಣಿದಿದ್ದೀಯ. ನಿನ್ನ ನಿದ್ದೆಯನ್ನೂ ಇದರಲ್ಲಿ ಹಾಕು, ಹಗುರಾಗುತ್ತೆ." ಹಾಗೆನ್ನುತ್ತಲೇ ಚಿಟಿಕೆ ಹೊಡೆದ. ಸಿಡಿಲೊಂದು ಬಿದ್ದು ಬಿಲ್ಲುಗಾತಿ ಕಂಬದಾಚೆ ಉರುಳಿದಳು. ಧವಳೆ ಅವಳತ್ತ ಓಡಬೇಕು, ಓಡಲಾಗುತ್ತಿಲ್ಲ. ಒಂದೊಂದು ಹೆಜ್ಜೆಯನ್ನೂ ಎಳೆದು ಎಳೆದು ಇಡುತ್ತಿದ್ದಾಳೆ.

"ಇವಳ್ಯಾಕೆ ಹೀಗೆ ತೆವಳ್ತಾಳೆ? ಇವಳದು ಯಾವಾಗಲೂ ಇದೇ ಕತೆ," ಎಂದು ವನಜಾಕ್ಷಿ ಸಿಡುಕಿದಳು.

"ಮೊದಲು ಜಿಂಕೆ ಥರ ಓಡ್ತಿದ್ಲಲ್ಲಕ್ಕ, ಮರೆತುಬಿಟ್ರಾ? ಸೀಸೆ ಭಾರ ಅದು! ಹೊತ್ತು ಹೊತ್ತು ಹಿಂಗಾಗಿದ್ದಾಳೆ. ನನ್ನ ಬಿಡಿ, ಮೊದಲು ನೀವು ಕುಡೀರಿ!"

ವನಜಾಕ್ಷಿ ಪರದೆ ನೋಡಿದಳು. ಬಿಳಿಯ ಕವಚದ ಹೆಣ್ಣು, ಹೆಗಲಲ್ಲಿ ಉಬ್ಬಿದ ಚೀಲ, ಬಾಗಿದ ಬೆನ್ನು. ಚೀಲದ ತುಂಬ ಅಮೃತ, ಮೈಯಲ್ಲಿ ಹನಿ ಜೀವ. ಹೌದಲ್ಲ, ಮೊದಲು ಇವಳು ಬೇಲಿ ಹಾರುತ್ತಿದ್ದಳು. ನಾನೂ ಮೊದಲು ಹೀಗಿರಲಿಲ್ಲವಲ್ಲ ಎನಿಸಿ ಅವಳಿಗೆ ಅಳು ಒತ್ತಿಕೊಂಡು ಬಂತು. ಸರಿಯಾಗಿ ಅದೇ ಹೊತ್ತಿಗೆ ಲೋಟ ಟಣಟಣ ಎಂದಿತು.

"ಒಂದ್ನಿಮಿಷ ಅತ್ತೇ!" ಎಂದು ವನಜಾಕ್ಷಿ ಕೂಗಿದಳು. ಆ ಮನೆಯಲ್ಲಿ ಎರಡು ವರ್ಷದಿಂದ ಯಾರೂ ಕೇಳದ ಮಾತು ಅದು.

ಧವಳೆ ಮೊದಲ ಸೀಸೆ ಕುಡಿದಳು, ಬೆನ್ನು ನೆಟ್ಟಗಾಯಿತು. ಇನ್ನೊಂದು ಕುಡಿದಳು, ಗಾಯ ಮುಚ್ಚಿತು. ಮತ್ತೂ ಒಂದು ಕುಡಿದಳು, ಕಾಲು ಹಗುರಾಯಿತು. ಎಷ್ಟು ಕುಡಿದಳೋ, ಲೆಕ್ಕ ಇಡುವ ಪುರುಸೊತ್ತು ಯಾರಿಗಿತ್ತು? ನಿದ್ದೆಗಳ್ಳ ಸಿಡಿಲು ಎಸೆದಲ್ಲಿ ಅವಳು ಇರಲೇ ಇಲ್ಲ. ಆಗಲೇ ಕಂಬದಾಚೆ ಜಿಗಿದು ಬಿಲ್ಲುಗಾತಿಯ ಮೇಲೆ ಅಂಗೈ ಚಾಚಿದ್ದಳು. ಬಿಲ್ಲುಗಾತಿ ಎದ್ದವಳೇ ಬಾಣ ಬಿಟ್ಟಳು, ನಿದ್ದೆಗಳ್ಳನ ಚಿಟಿಕೆಯ ಕೈ ಕಲ್ಲಾಯಿತು. ಧವಳೆ ಕೊಪ್ಪರಿಗೆಗೆ ಒಂದು ಒದೆ ಕೊಟ್ಟಳು.

ಮುಚ್ಚಳ ಹಾರಿತು. ಕದ್ದ ನಿದ್ದೆಯೆಲ್ಲ ನೀಲಿ ಹೊಗೆಯಾಗಿ ಹೊರಬಿತ್ತು. ಎಲ್ಲರಿಗಿಂತ ಮೊದಲು ನಿದ್ದೆಗಳ್ಳನೇ ಗೊರಕೆ ಹೊಡೆದ. ಅವನು ಮತ್ತೆಂದೂ ಏಳಲಿಲ್ಲ. ರಾಜ ಕಿರೀಟ ತೊಟ್ಟೇ ಮಲಗಿದ. ಕೂಸುಗಳು ಬೆರಳು ಚೀಪುತ್ತ ಮಲಗಿದವು. ಕಾವಲುಗಾರರು ಈಟಿಗೆ ಒರಗಿ ಮಲಗಿದರು.

ವನಜಾಕ್ಷಿ ಓಡಿಹೋಗಿ ಅತ್ತೆಯ ಮುಂದೆ ನಿಂತಳು. "ಏನು ಬೇಕಿತ್ತು ಅತ್ತೆ?"

ಅತ್ತೆ ತೊದಲು ನಾಲಿಗೆಯಲ್ಲಿ, "ಏನೂ ಬೇಡ. ಕೂಗಾಡ್ತಿದ್ದೆಯಲ್ಲ, ಏನಾಯ್ತೋ ಅಂತ... ಗೆದ್ದೆಯಾ?" ಎಂದರು.

"ಗೆದ್ದೆ ಅತ್ತೆ," ಎಂದು ಅವಳು ಅಲ್ಲೇ ಮಂಚದ ಅಂಚಿಗೆ ಕುಸಿದು ಕೂತಳು. ಹೆಡ್‌ಫೋನ್ ಕೊರಳಲ್ಲೇ ನೇತಾಡುತ್ತಿತ್ತು. ಅದರೊಳಗಿಂದ ಕುಸುಮ ಸಣ್ಣ ದನಿಯಲ್ಲಿ ಅಕ್ಕಾ ಅಕ್ಕಾ ಎನ್ನುತ್ತಿದ್ದಳು. ವನಜಾಕ್ಷಿ ಅದನ್ನು ಬಾಯಿಯ ಹತ್ತಿರ ಹಿಡಿದಳು.

"ಕುಸುಮಾ, ಬಾರೆ. ನಾಳೇನೇ ಬಾ. ನನ್ನ ಕೈಲಾಗ್ತಿಲ್ಲ."

ಮಾರನೆಯ ದಿನ ಬೆಳಗಿನ ರೈಲಿಗೇ ಕುಸುಮ ಬಂದಳು. ಬಂದವಳೇ ಸೆರಗು ಸಿಕ್ಕಿಸಿಕೊಂಡು ಅತ್ತೆಯ ಕೋಣೆ ಹೊಕ್ಕಳು. ವನಜಾಕ್ಷಿ ಚಾಪೆ ಬಿಡಿಸಿ, ಎರಡೂ ಕಿವಿಯ ಮೇಲೆ ಹೊದಿಕೆ ಎಳೆದುಕೊಂಡಳು. ಹೊಂಬಾಳೆಯವರು ಗಾಜಿನ ಆಚೆಗೆ ಸುಖವಾಗಿ ಮಲಗಿದ್ದರು, ಇವಳು ಈಚೆಗೆ ಮಲಗಿದಳು. ಮಧ್ಯಾಹ್ನ ಲೋಟ ಟಣಟಣ ಎಂದಾಗ ಕುಸುಮ ಎದ್ದು ಹೋದಳು.