ಹಸಿರು ಫಲಕದ ಮನೆಗಳು

ಪೆಟ್ಟಿಗೆಯ ಬೀಗ ಭದ್ರವಾಗಿತ್ತು. ಒಳಗಿನ ಲಕೋಟೆಗಳು ಮಾತ್ರ ಕಮ್ಮಿ.

"ಎಂಬತ್ತು ಬಂದಿತ್ತು ಕಣೇ. ಒಂದೊಂದನ್ನೂ ಪುಸ್ತಕದಲ್ಲಿ ಬರ್ಕೊಂಡಿದೀನಿ. ಈಗ ನಲವತ್ತೊಂಬತ್ತೇ ಇದೆ!" ಪುರಸಭೆಯ ಗುಮಾಸ್ತೆ ಲೊರೇನ್ ಕುರ್ಚಿಯಲ್ಲಿ ಕುಸಿದಳು. "ಸಂಜೆ ಆರರೊಳಗೆ ಸಿಗದಿದ್ರೆ ಕೆಲಸ ಬಿಟ್ಟು ಮನೆಗೆ ಹೋಗು ಅಂದ್ಬಿಟ್ರು ಮೇಲಿನೋರು. ಇಪ್ಪತ್ತೆರಡು ವರ್ಷ ದುಡಿದಿದೀನಿ!"

"ಬೀಗದ ಕೈ ಎಲ್ಲಿಡ್ತೀಯ?" ಪೊಲೀಸ್ ಸಾರ್ಜೆಂಟ್ ನದೀನ್ ಕೇಳಿದಳು.

"ಕಾಫಿ ಬೀರುವಿನ ಮೊಳೆಗೆ..."

"ಚೆನ್ನಾಗಿದೆ! ಕಾಫಿಗೆ ಅರ್ಧ ಊರೇ ಬರತ್ತೆ."

ನದೀನ್‌ಗೆ ಮೈ ಜುಮ್ಮೆಂದಿತು. ಸಾಲ್ಟ್‌ಬುಷ್‌ನಂಥ ಪುಟ್ಟ ಊರಲ್ಲಿ ಒಂದು ಸೈಕಲ್ ಕಳುವಾದರೇ ದೊಡ್ಡ ಸುದ್ದಿ. ಇದು ವೋಟಿನ ಕಳವು!

ಕಾಟನ್‌ವುಡ್ ಬೀದಿಗೆ ಮಳೆನೀರಿನ ಚರಂಡಿ ಬೇಕೋ ಬೇಡವೋ ಎಂಬುದಕ್ಕೆ ಈ ವೋಟು. ಪುರಸಭೆ ಬಾಂಡ್ ಎಂಬ ಸಾಲಪತ್ರ ಮಾರಿ ದುಡ್ಡೆತ್ತುತ್ತದೆ. ಆ ಬೀದಿಯ ಮನೆಯವರು ಆ ಸಾಲವನ್ನು ಆಸ್ತಿ ತೆರಿಗೆಯ ಜೊತೆ ಇಪ್ಪತ್ತು ವರ್ಷ ತೀರಿಸುತ್ತಾರೆ. ನಿವೇಶನದ ಅಂಚು ರಸ್ತೆಗೆ ಎಷ್ಟುದ್ದ ತಾಗಿದೆಯೋ ಅಷ್ಟು ಹೊರೆ. ಹೊರೆ ಎಷ್ಟೋ, ವೋಟಿಗೂ ಅಷ್ಟೇ ತೂಕ. ಮನೆಗೊಂದು ಅಂಟಿಸಿದ ಲಕೋಟೆ, ಮೇಲೆ ವಿಳಾಸ; ಒಡೆಯುವುದು ಸಂಜೆಯ ಸಭೆಯಲ್ಲಿ, ಎಲ್ಲರೆದುರು.

*

"ನನ್ನ ಮೇಲೇ ಗುಮಾನಿನಾ?" ಮುದುಕ ರಸ್ ಟಿಬೆಟ್ಸ್ ಗುರ್ರೆಂದ. ಅವನ ಅಂಗಳದಲ್ಲಿ 'ಬೇಡ' ಎಂಬ ಕೆಂಪು ಫಲಕ ಒಂದಲ್ಲ, ಮೂರು.

"ಚರಂಡಿ ಬೇಡ ಅಂತ ಊರೆಲ್ಲ ಕೂಗಾಡಿದೋನು ನೀನೇ ತಾನೆ?"

"ಕೂಗಾಡಿದೆ, ಕದ್ದಿಲ್ಲ! ಮಂಡಿ ಆಪರೇಷನ್ ಆಗಿ ಹತ್ತು ದಿನ ಆಯ್ತು ಮೇಡಂ. ಪುರಸಭೆ ಮೆಟ್ಟಿಲು ನೀವೇ ಹೊತ್ಕೊಂಡು ಹತ್ತಿಸ್ತೀರಾ?"

ನದೀನ್ ನಕ್ಕು ಹೊರಬಂದಳು. ಲೊರೇನ್ ಕೊಟ್ಟ ಪಟ್ಟಿ ಹಿಡಿದು ಬೀದಿಯುದ್ದಕ್ಕೂ ನಡೆದಳು. ಲಕೋಟೆ ಕಾಣೆಯಾದ ಮನೆ, ಅಂಗಳದಲ್ಲಿ 'ಬೇಕು' ಎಂಬ ಹಸಿರು ಫಲಕ. ಮುಂದಿನದು, ಹಸಿರು. ಅದರ ಮುಂದಿನದೂ ಹಸಿರು! ಮೂವತ್ತೊಂದಕ್ಕೆ ಮೂವತ್ತೊಂದೂ! ಕಳ್ಳ ಫಲಕ ನೋಡಿಯೇ ಲಕೋಟೆ ಆರಿಸಿದ್ದ.

ಬೀದಿಯ ಮೂಲೆಯಲ್ಲಿ ಗಕ್ಕನೆ ನಿಂತಳು. ಇಲ್ಲೂ ಹಸಿರು ಫಲಕ. ಆದರೆ ಈ ಮನೆಯ ಲಕೋಟೆ ಪೆಟ್ಟಿಗೆಯಲ್ಲೇ ಇತ್ತು.

*

ಸಂಜೆ ಆರಕ್ಕೆ ಸಭಾಂಗಣ ಕಿಕ್ಕಿರಿದಿತ್ತು. 'ಬೇಕು' ಸಮಿತಿಯ ಅಧ್ಯಕ್ಷ ಡ್ವೇನ್ ಹ್ಯಾಕೆಟ್ ಮೇಜು ಗುದ್ದಿದ. "ನಮ್ಮ ವೋಟೇ ಯಾಕೆ ಹೋಯ್ತು? ಆ ರಸ್‌ನ ಹಿಡೀರಿ!"

"ಮೊದ್ಲು ನಿಮ್ಮ ಲಕೋಟೆ ಒಡೆಯೋಣ ಡ್ವೇನ್," ಎಂದಳು ನದೀನ್.

ಲೊರೇನ್ ಲಕೋಟೆ ಹರಿದಳು. ಚೀಟಿ ಬಿಡಿಸಿ ಕಣ್ಣರಳಿಸಿದಳು.

"ಬೇಡ!"

ಸಭೆ ಹೋ ಎಂದಿತು.

"ಫಲಕ ನೋಡಿ ಕದ್ದ ಕಳ್ಳ ಇವರದ್ದೊಂದನ್ನ ಯಾಕೆ ಬಿಟ್ಟ?" ನದೀನ್ ಸುತ್ತ ನೋಡಿದಳು. "ಇವರ ವೋಟು 'ಬೇಡ' ಅಂತ ಗೊತ್ತಿದ್ದದ್ದು ಒಬ್ಬರಿಗೇ, ಇವರಿಗೇ! ಮೂಲೆ ನಿವೇಶನ, ಎರಡೂ ರಸ್ತೆಗೆ ಅಂಚು. ಬೀದಿಗೆಲ್ಲ ಹೆಚ್ಚಿನ ಹೊರೆ ಇವರದ್ದೇ. ಅಧ್ಯಕ್ಷಗಿರಿ ಒಪ್ಕೊಂಡ ಮೇಲೆ ಅದು ಗೊತ್ತಾಯ್ತು. ನೆರೆಯವರ 'ಬೇಕು' ಕದ್ದರೂ, ಅಷ್ಟು ತೂಕದ ತಮ್ಮ 'ಬೇಡ' ವೋಟು ಬಿಡೋಕೆ ಮನಸ್ಸು ಬರಲಿಲ್ಲ. ಲೊರೇನ್ ಎಲ್ಲಾ ಬರೆದಿಡ್ತಾಳೆ ಅನ್ನೋದು ಮಾತ್ರ ಗೊತ್ತಿರಲಿಲ್ಲ."

ಡ್ವೇನ್ ಕಾರಿನ ಕೀಲಿ ಕೊಟ್ಟ. ಡಿಕ್ಕಿಯಲ್ಲಿ ಮೂವತ್ತೊಂದು ಲಕೋಟೆ. ಒಂದರ ಅಂಟೂ ಬಿಚ್ಚಿರಲಿಲ್ಲ. ಹಾಗಾಗಿ ಎಣಿಸಬಹುದೆಂದರು ಪುರಸಭೆಯ ವಕೀಲರು.

ಲೊರೇನ್ ಒಡೆಯತೊಡಗಿದಳು. ಬೇಕು. ಬೇಡ. ಬೇಡ. ಬೇಕು. ಬೇಡ... ಹಸಿರು ಫಲಕದವರಲ್ಲಿ ಹದಿನೇಳು ಜನ ಬೇಡ ಎಂದಿದ್ದರು. ಎಂಬತ್ತನ್ನೂ ಎಣಿಸಿದಾಗ ಚರಂಡಿಯ ಪ್ರಸ್ತಾಪ ಬಿದ್ದುಹೋಯಿತು.

"ಅಯ್ಯೋ ಪೆದ್ದಾ, ಸುಮ್ನೆ ಕೂತಿದ್ರೂ ಗೆಲ್ತಿದ್ಯಲ್ಲೋ!" ರಸ್ ಹೊಟ್ಟೆ ಹಿಡಿದು ನಕ್ಕ.

ಕೈಗೆ ಕೋಳ ಬಿದ್ದ ಡ್ವೇನ್ ನೆರೆಯವರ ಕಡೆ ತಿರುಗಿದ. ಒಬ್ಬರೂ ಅವನ ಮುಖ ನೋಡಲಿಲ್ಲ. ಒಬ್ಬರ ಮುಖವನ್ನು ಇನ್ನೊಬ್ಬರೂ ನೋಡಲಿಲ್ಲ.