ತಣ್ಣಗಿದ್ದ ಪೆಟ್ಟಿಗೆ

ಚಿತ್ರವೇ ಇರಲಿಲ್ಲ.

ಇನ್ಸ್‌ಪೆಕ್ಟರಮ್ಮ ಪರದೆಯ ಕಡೆ ಇನ್ನಷ್ಟು ಬಾಗಿದರು. ಕಾಲುವೆಯ ಮುಖ್ಯ ಗೇಟಿನ ಪಕ್ಕದ ಕಂಬದಲ್ಲಿ ಒಂದು ಕ್ಯಾಮೆರಾ ಇದೆ. ಅದು ಕಂಡದ್ದೆಲ್ಲ ತಂತಿಯ ಮೂಲಕ ಹರಿದು ಕಾಲುವೆ ಕಚೇರಿಯ ಒಳಕೋಣೆಯ ಪೆಟ್ಟಿಗೆಗೆ ಬಂದು ಬೀಳುತ್ತದೆ. ಅಕ್ಕಿ ಡಬ್ಬದಷ್ಟು ದೊಡ್ಡ ಕಪ್ಪು ಪೆಟ್ಟಿಗೆ. ಒಳಗೆ ನಾಲ್ಕು ಡಿಸ್ಕ್. ತಿಂಗಳುಗಟ್ಟಲೆಯ ಚಿತ್ರ ಅದರಲ್ಲಿ ಇರಬೇಕಿತ್ತು. ಒಂದು ದಿನದ್ದೂ ಇರಲಿಲ್ಲ.

"ನಿನ್ನೇದು ಮಾತ್ರ ಅಲ್ಲ ಮೇಡಂ. ಗುಡಿಸಿ ಸಾರಿಸಿಬಿಟ್ಟಿದಾರೆ," ಎಂದ ಟೆಕ್ನಿಷಿಯನ್. ಯಾವ ಯಂತ್ರ ಕೆಟ್ಟಿತೆಂದು ಫೋನ್ ಮಾಡಿದರೂ ಅವನ ಮೊದಲ ಪ್ರಶ್ನೆ 'ಪ್ಲಗ್ ಹಾಕಿದೀರಾ?' ಎಂಬುದೇ. ಹಾಗಾಗಿ ಊರಿಗೆಲ್ಲ ಅವನು ಪ್ಲಗ್ಗಣ್ಣ.

"ವಾಪಸ್ ತೆಗೆಯೋಕಾಗುತ್ತಾ?"

"ಸುಮ್ನೆ ಅಳಿಸಿದ್ರೆ ಆಗ್ತಿತ್ತು. ಇಲ್ಲಿ ಅಳಿಸಿ, ಅದರ ಮೇಲೆ ಹಾಳುಮೂಳು ಬರೆದು ಮುಚ್ಚಿದಾರೆ. ಯಾರು, ಯಾವಾಗ ಅಂತ ಪೆಟ್ಟಿಗೆ ತಾನೇ ಬರ್ಕೊಳ್ಳುತ್ತಲ್ಲ, ಅದನ್ನೂ ಬಿಟ್ಟಿಲ್ಲ. ಕ್ಯಾಮೆರಾದಿಂದ ಹೊಸ ಚಿತ್ರ ಬರೋ ದಾರೀನೂ ಮುಚ್ಚಿದಾರೆ."

"ಪಾಸ್‌ವರ್ಡ್ ಯಾರ ಹತ್ರ ಇದೆ?"

ಪ್ಲಗ್ಗಣ್ಣ ಕೆಮ್ಮಿದ. "ಪೆಟ್ಟಿಗೆ ಮೇಲೇ ಅಂಟಿಸಿದೀವಿ ಮೇಡಂ. ಮರೀಬಾರದು ಅಂತ."

ಹಿಂದಿನ ದಿನ ಬೆಳಗಾಗುವ ಹೊತ್ತಿಗೆ ಯಾರೋ ಆ ಗೇಟು ಎತ್ತಿದ್ದರು. ಅದು ನೀರು ಬಿಡುವ ದಿನವಲ್ಲ. ಬಿಡುವ ಮುಂಚೆ ಊದಬೇಕಾದ ಸೈರನ್ ಊದಿರಲಿಲ್ಲ. ಒಣ ಕಾಲುವೆಯೊಳಗೆ ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬಳು ಕೊಚ್ಚಿಹೋಗಿದ್ದಳು. ಗೇಟಿನ ಬಳಿ ಜನ ಮೊದಲು ಕಂಡದ್ದು ಅದನ್ನು ಎತ್ತಿ ಇಳಿಸುವ ಕೆಲಸದ ಗೇಟಿನವನನ್ನು. ಗೇಟು ತಿರುಗಿಸುವ ಕಬ್ಬಿಣದ ಹಿಡಿಕೆ ಅವನ ಕೈಯಲ್ಲೇ ಇತ್ತು.

ಸತ್ತವಳು ಅವನ ಸ್ವಂತ ಅತ್ತಿಗೆ.

"ಮೇಡಂ, ಇದನ್ನ ನೋಡಿ," ಎಂದರು ಕಚೇರಿಯ ಸೂಪರ್‌ವೈಸರ್. ಇಸ್ತ್ರಿ ಮಾಡಿದ ಅಂಗಿ, ನಿದ್ದೆಗೆಟ್ಟ ಕಣ್ಣು. ಮುಂದಿನ ಕೋಣೆಯ ಕಂಪ್ಯೂಟರಿನಲ್ಲಿ ಕಾವಲು ಸಾಫ್ಟ್‌ವೇರ್ ಒಂದಿತ್ತು. ನಿನ್ನ ಪ್ರೊಸೆಸರ್ ಎಷ್ಟು ದುಡಿಯುತ್ತಿದೆ ಎಂದು ಅದು ಒಳಕೋಣೆಯ ಪೆಟ್ಟಿಗೆಯನ್ನು ಆಗಾಗ ಕೇಳುತ್ತದೆ. ಬಂದ ಉತ್ತರವನ್ನು ನೂರಕ್ಕಿಷ್ಟು ಎಂದು ಗೆರೆ ಎಳೆಯುತ್ತದೆ. "ಅಳಿಸಿದವನಿಗೆ ಈ ಕಂಪ್ಯೂಟರಿನ ನೆನಪೇ ಆಗಿಲ್ಲ. ನಿನ್ನೆ ಬೆಳಿಗ್ಗೆ ಗೆರೆ ನೆಲಕ್ಕಂಟಿದೆ. ಎಂಟು, ಒಂಬತ್ತು. ಮಧ್ಯಾಹ್ನದಿಂದ ತೊಂಬತ್ತೇಳು! ಅಷ್ಟೂ ಹೊತ್ತು ಆ ಕೋಣೇಲಿ ಕೂತಿದ್ದವನು ಗೇಟಿನವನು. ಪ್ರಿಂಟ್ ತೆಗೆದು ಸಹಿ ಹಾಕಿದೀನಿ."

"ಅವನಿಗೆ ಅಲ್ಲೇನು ಕೆಲಸ?"

"ಜನ ಹೊಡೀತಾರೆ ಅಂತ ನಾನೇ ಕರ್ಕೊಂಡು ಬಂದು ಕೂರಿಸಿದ್ದೆ ಮೇಡಂ. ಪಾಪ ಅಂದಿದ್ದಕ್ಕೆ ನನಗೇ ಬತ್ತಿ ಇಟ್ಟ."

"ಬೆಳಿಗ್ಗೆ?"

"ಬೆಳಿಗ್ಗೆ ಎಲ್ಲರೂ ಕಾಲುವೆಗೆ ಓಡಿದ್ರು. ನಾನೊಬ್ಬನೇ ಇಲ್ಲಿ, ಮೇಲಿನವರಿಗೆ ಫೋನ್ ಮಾಡ್ತಾ ಕೂತಿದ್ದೆ. ಒಂದು ನರಪಿಳ್ಳೆ ಒಳಗೆ ಕಾಲಿಟ್ಟಿಲ್ಲ. ಬೇಕಾದ್ರೆ ಬರ್ಕೊಡ್ತೀನಿ."

ಇನ್ಸ್‌ಪೆಕ್ಟರಮ್ಮ ಪ್ರಿಂಟನ್ನು ಮಡಚಿ ಜೇಬಿಗಿಟ್ಟರು. ಹೊರಗೆ ಜನ ಗುಜುಗುಜು ಎನ್ನುತ್ತಿದ್ದರು. ಸಂಜೆಯೊಳಗೆ ಗೇಟಿನವನನ್ನು ಬಂಧಿಸಬೇಕೆಂದು ಮೇಲಿನಿಂದ ಫೋನು ಬಂದಾಗಿತ್ತು.

* * *

ಗೇಟಿನವನು ಹಿಂಬದಿಯ ವರಾಂಡದಲ್ಲಿ ಮೊಣಕಾಲಪ್ಪಿ ಕುಳಿತಿದ್ದ. ಬಟ್ಟೆಯ ಮೇಲೆ ನಿನ್ನೆಯ ಕೆಸರು ಒಣಗಿ ಬಿರಿದಿತ್ತು. ಪಕ್ಕದಲ್ಲಿ ದಫೇದಾರರು ಲಾಠಿ ಊರಿ ನಿಂತಿದ್ದರು.

"ಗೇಟು ಎತ್ತಿದ್ದು ನೀನಾ?"

"ಇಲ್ಲಮ್ಮಾ. ನಾನು ಹೋದಾಗ ಎತ್ತಿಯೇ ಇತ್ತು. ದೂರದಿಂದಲೇ ಸದ್ದು ಕೇಳ್ತು. ಓಡಿಹೋಗಿ ಇಳಿಸ್ತಾ ಇದ್ದೆ. ಆಗ ಜನ ನೋಡಿದ್ದು."

"ಹಿಡಿಕೆ ಎಷ್ಟಿವೆ?"

"ಎರಡು. ಒಂದು ನನ್ನ ಹತ್ರ. ಒಂದು ಕಚೇರಿ ಬೀರುವಿನಲ್ಲಿ."

"ಆಮೇಲೆ?"

"ಇಳಿಸಿ, ಕೆಳಗೆ ಓಡಿದೆ. ಜನರ ಜೊತೆ ನೀರಿಗಿಳಿದು ಹುಡುಕಿದೆ. ಊಟದ ಹೊತ್ತಿನ ತನಕ ನೀರಲ್ಲೇ ಇದ್ದೆ. ಸಿಕ್ಕಿದ್ದು ನನ್ನ ಕೈಗೇ." ಅವನು ತನ್ನ ಅಂಗೈ ನೋಡಿಕೊಂಡ. "ಅಮ್ಮ ಹೋದ ಮೇಲೆ ಅನ್ನ ಹಾಕಿದೋಳು ಅತ್ತಿಗೆ. ಯಾರ ಹುಲ್ಲು ಕೊಯ್ಯೋಕೆ ಬಂದಿದ್ಲು ಗೊತ್ತಾ? ನನ್ನ ಕರುವಿಗೆ."

"ಮಧ್ಯಾಹ್ನ ಕೋಣೇಲಿ ಏನ್ ಮಾಡ್ತಿದ್ದೆ?"

"ಗೋಡೆ ನೋಡ್ತಿದ್ದೆ."

"ಪೆಟ್ಟಿಗೆ ಮುಟ್ಟಿದೆಯಾ?"

"ಯಾವ ಪೆಟ್ಟಿಗೆ?"

ದಫೇದಾರರು ನಕ್ಕರು. "ನೋಡಿ ಮೇಡಂ, ಮೂಗಿನ ಮುಂದೆ ಇದ್ದಿದ್ದು ಕಾಣಲಿಲ್ವಂತೆ."

ಕಚೇರಿಯ ಮೆಟ್ಟಿಲ ಮೇಲೆ ಗೇಟಿನವನ ಅಣ್ಣ, ಸತ್ತವಳ ಗಂಡ, ಕೂತಿದ್ದ. ನಿನ್ನೆಯಿಂದ ಕದಲಿರಲಿಲ್ಲ. ಇನ್ಸ್‌ಪೆಕ್ಟರಮ್ಮ ಅವನ ಸಮಕ್ಕೆ ಕೂತರು.

"ತಮ್ಮನೇ ಮಾಡಿದ್ದು ಅನ್ಸುತ್ತಾ?"

"ನನಗೇನು ಅನ್ಸುತ್ತೆ ಅಂತ ಕೇಳ್ಬೇಡಿ. ಹಿಡಿಕೆ ಅವನ ಕೈಲಿತ್ತು. ಅವನಿಗೆ ಶಿಕ್ಷೆ ಆದ್ರೆ ಒಂದು ಮನೇಲಿ ಎರಡು ಸಾವು. ಆಗದೇ ಹೋದ್ರೆ..." ಅವನು ಹೆಗಲ ಟವಲ್ಲಿನಿಂದ ಮುಖ ಒರೆಸಿಕೊಂಡ. "ಒಂದೇ ಅಂಗಳದಲ್ಲಿ ಹೇಗಮ್ಮಾ ಬದುಕೋದು? ನಾಳೆ ಅವನ ಮುಖ ನೋಡಿ ಬಾ ಅನ್ನಬೇಕಾ, ಹೋಗು ಅನ್ನಬೇಕಾ, ಅದನ್ನ ಹೇಳಿ ಸಾಕು."

"ನಿನ್ನೆ ನೀರಿನ ಪಾಳಿ ಯಾರದೂ ಇರಲಿಲ್ಲ ಅಲ್ವಾ?"

"ಯಾರದೂ ಇಲ್ಲ. ಕಾಲುವೆ ತುದಿ ನೋಡೋಕೆ ದೊಡ್ಡ ಸಾಹೇಬರು ಬರ್ತಾರೆ ಅಂತ ಸುದ್ದಿ ಇತ್ತು. ಇವಳು ಹೋದ ಮೇಲೆ ಅದೂ ನಿಂತುಹೋಯ್ತು."

* * *

"ಮೊನ್ನೆಯ ಗೆರೆ ತೋರಿಸು," ಎಂದರು ಇನ್ಸ್‌ಪೆಕ್ಟರಮ್ಮ.

ಪ್ಲಗ್ಗಣ್ಣ ತೋರಿಸಿದ. ತೊಂಬತ್ತಾರು. ಅದರ ಹಿಂದಿನ ದಿನ, ಅದರ ಹಿಂದಿನ ವಾರ, ಎಲ್ಲವೂ ಅಟ್ಟ ಹತ್ತಿ ಕೂತಿದ್ದವು. ಇಡೀ ಉದ್ದದ ಗೆರೆಯಲ್ಲಿ ಗುಂಡಿ ಬಿದ್ದಿದ್ದು ಒಂದೇ ಕಡೆ. ನಿನ್ನೆಯ ಬೆಳಿಗ್ಗೆ.

"ಸೂಪರ್‌ವೈಸರ್ ಸಾಹೇಬರೇ, ಇದು ನಿತ್ಯದ ಕಥೆ ಆಯ್ತಲ್ಲ?"

"ಹಳೇ ಪೆಟ್ಟಿಗೆ ಮೇಡಂ, ಯಾವಾಗಲೂ ಏದುಸಿರು. ಹೊಸದು ಕೊಡಿ ಅಂತ ಕೇಳಿದೀನಿ." ಅವರ ಸ್ವರ ಸ್ವಲ್ಪವೂ ಅಳುಕಲಿಲ್ಲ. "ಹಾಗಿದ್ರೆ ನಿನ್ನೆ ಬೆಳಿಗ್ಗೆ ಮಾತ್ರ ಯಾಕೆ ಸುಮ್ಮನಾಯ್ತು? ಕ್ಯಾಮೆರಾದಿಂದ ಚಿತ್ರ ಬರದಿದ್ರೆ ತಾನೇ ಅದಕ್ಕೆ ಬಿಡುವು? ಕಂಬದಲ್ಲಿ ತಂತಿ ಕಿತ್ತಿರ್ತಾನೆ. ಗೇಟಿನ ಹತ್ರ ಇದ್ದೋನು ಯಾರು?"

ಮಾತು ಹೌದೆನ್ನುವಂತಿತ್ತು. ದಫೇದಾರರು ತಲೆದೂಗಿದರು. ಎಲ್ಲರೂ ಗೇಟಿಗೆ ನಡೆದರು. ಗೇಟಿನವನನ್ನೂ ಕರೆದುಕೊಂಡರು. ಜನ ಹಿಂದೆಯೇ ಬಂದರು. ಯಾರೋ ಒಂದು ಮಣ್ಣಿನ ಹೆಂಟೆ ಎಸೆದರು. ಅದು ಅವನ ಬೆನ್ನಿಗೆ ಬಿದ್ದು ಪುಡಿಯಾಯಿತು. ಅವನು ತಿರುಗಿ ನೋಡಲಿಲ್ಲ.

ಕಂಬದ ಬುಡದಲ್ಲಿ ತಂತಿ ಸೇರುವ ಸಣ್ಣ ಡಬ್ಬ. ಪ್ಲಗ್ಗಣ್ಣ ಅದರ ಮುಚ್ಚಳಕ್ಕೆ ಕೈ ಹಾಕಿದ.

"ತಡಿ!" ಎಂದರು ಇನ್ಸ್‌ಪೆಕ್ಟರಮ್ಮ.

ಮುಚ್ಚಳಕ್ಕೂ ಡಬ್ಬಕ್ಕೂ ಸೇರಿಸಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಗೂಡು ಒಣಗಿ ಬೂದು ಬಣ್ಣಕ್ಕೆ ತಿರುಗಿತ್ತು. ಎಲ್ಲೂ ಬಿರುಕಿಲ್ಲ. ಮುಚ್ಚಳ ತೆರೆದಿದ್ದರೆ ಅದು ಒಡೆಯಲೇಬೇಕಿತ್ತು. ಅಲ್ಲಿಂದ ಕಚೇರಿಯವರೆಗೆ ತಂತಿ ನೆಲದಡಿಯ ಕೊಳವೆಯಲ್ಲಿತ್ತು.

"ಇಲ್ಲಿ ಯಾರೂ ಕೈ ಹಾಕಿಲ್ಲ," ಎಂದರು. "ಪ್ಲಗ್ಗಣ್ಣ, ಈಗ ಚಿತ್ರ ಬರೋ ದಾರಿ ಮುಚ್ಚಿದೆ ಅಂದೆ. ನೀನು ತೆರೆದೆಯಾ?"

"ಇಲ್ಲ ಮೇಡಂ. ನೀವು ಹೇಳದೆ ಏನೂ ಮುಟ್ಟಿಲ್ಲ."

"ಮತ್ತೆ ನಾನು ಇವತ್ತು ಬೆಳಿಗ್ಗೆ ನೋಡಿದಾಗ್ಲೂ ತೊಂಬತ್ತೇಳು ಇತ್ತಲ್ಲ? ಚಿತ್ರ ಬರ್ತಿಲ್ಲ. ಅಳಿಸೋರು ಯಾರೂ ಇಲ್ಲ. ಪೆಟ್ಟಿಗೆ ಬರಿದು. ಅದು ಏನ್ ಮಾಡ್ತಾ ಏದುಸಿರು ಬಿಡ್ತಿದೆ?"

ಪ್ಲಗ್ಗಣ್ಣ ಕಚೇರಿಯ ಕಡೆ ಓಡಿದ.

* * *

ಒಳಕೋಣೆ ಇಕ್ಕಟ್ಟಾಗಿತ್ತು. ಒಂದು ಮೇಜು, ಒಂದು ಕುರ್ಚಿ, ಕಿಟಕಿಯಿಲ್ಲದ ಗೋಡೆ. ಬಾಗಿಲಿಂದ ನೋಡಿದರೆ ಮುಂದಿನ ಕೋಣೆಯ ಪರದೆ ಕಾಣುತ್ತಿತ್ತು. ತೊಂಬತ್ತೇಳು.

ಇನ್ಸ್‌ಪೆಕ್ಟರಮ್ಮ ಪಂಪ್‌ಸೆಟ್ಟಿನ ಮನೆಯಲ್ಲಿ ಬೆಳೆದವರು. ಮೋಟರಿಗೆ ಕಾವೇರಿದೆಯೇ ಎಂದು ಕೈಯ ಹಿಂಬದಿಯಿಂದ ಮುಟ್ಟಿ ನೋಡುವುದು ಅವರಿಗೆ ಚಿಕ್ಕಂದಿನ ಅಭ್ಯಾಸ. ಪೆಟ್ಟಿಗೆಯ ಬೆನ್ನನ್ನು ಹಾಗೆಯೇ ಮುಟ್ಟಿದರು. ತಣ್ಣಗಿತ್ತು. ಕಿವಿ ಇಟ್ಟರು. ಫ್ಯಾನ್ ತಿರುಗುತ್ತಿತ್ತು, ಆದರೆ ಸದ್ದೇ ಇರಲಿಲ್ಲ.

"ಏದುಸಿರು ಬಿಡೋ ಎತ್ತಿನ ಮೈ ಇಷ್ಟು ತಣ್ಣಗಿರುತ್ತಾ?" ಎಂದರು. "ಪ್ಲಗ್ಗಣ್ಣ, ಇದಕ್ಕೆ ಕೈತುಂಬ ಕೆಲಸ ಕೊಡು. ದೊಡ್ಡ ಫೈಲುಗಳನ್ನ ಹಾಕು, ಕುಗ್ಗಿಸೋಕೆ ಹೇಳು. ಡಿಸ್ಕ್ ಹಾಳಾಗದ ಹಾಗೆ ಏನು ಬೇಕಾದ್ರೂ ಮಾಡು."

ಪ್ಲಗ್ಗಣ್ಣ ತನ್ನ ಲ್ಯಾಪ್‌ಟಾಪ್ ಸಿಕ್ಕಿಸಿದ. ಸ್ವಲ್ಪ ಹೊತ್ತಿಗೆ ಫ್ಯಾನ್ ಗುಂಯ್ ಎಂದಿತು. ಡಿಸ್ಕ್‌ಗಳು ಕರಕರ ಎಂದವು. ಪೆಟ್ಟಿಗೆಯ ಬೆನ್ನು ಬೆಚ್ಚಗಾಯಿತು.

"ಮೇಡಂ," ಮುಂದಿನ ಕೋಣೆಯಿಂದ ದಫೇದಾರರ ಕೂಗು. "ಗೆರೆ ಬೀಳ್ತಾ ಇದೆ! ನಲವತ್ತು... ಹದಿನೈದು... ಒಂಬತ್ತು!"

ಪ್ಲಗ್ಗಣ್ಣ ತಲೆಯ ಮೇಲೆ ಕೈಯಿಟ್ಟು ಕುರ್ಚಿಗೆ ಕುಸಿದ.

"ಅಯ್ಯೋ, ನನ್ನ ಕೈಯಾರೆ ಮಾಡಿದ ಘನಕಾರ್ಯ ಇದು! ಪೆಟ್ಟಿಗೆ ಒಂದೇ ಅಂಕಿ ಕೊಡಲ್ಲ ಮೇಡಂ. ಒಂದು ಸಾಲು ಅಂಕಿ ಕೊಡುತ್ತೆ. ಇಷ್ಟು ದುಡಿತ, ಇಷ್ಟು ಬಿಡುವು, ಇನ್ನೂ ಏನೇನೋ. ಸಾಲಿನಲ್ಲಿ ಮೂರನೇದು ದುಡಿತ ಅಂತ ಕಾವಲು ಸಾಫ್ಟ್‌ವೇರಿಗೆ ಹೇಳಿಕೊಟ್ಟಿದ್ದೆ. ಮಳೆಗಾಲದ ಮುಂಚೆ ಪೆಟ್ಟಿಗೆಗೆ ಹೊಸ ಅಪ್‌ಡೇಟ್ ಹಾಕಿದೆ. ಅದು ಸಾಲಿನ ಜಾಗ ಅದಲು ಬದಲು ಮಾಡಿದೆ. ಈಗ ಮೂರನೇದು ಬಿಡುವು. ಇದು ಬಿಡುವನ್ನೇ ದುಡಿತ ಅಂತ ಗೆರೆ ಎಳೀತಿದೆ!"

"ಅಂದ್ರೆ ತೊಂಬತ್ತೇಳು ಅಂದ್ರೆ..."

"ಸುಮ್ನೆ ಕೂತಿದೆ ಅಂತ."

"ಎಂಟು ಒಂಬತ್ತು ಅಂದ್ರೆ?"

"ಪ್ರಾಣ ಹೋಗೋ ಹಾಗೆ ದುಡೀತಿದೆ ಅಂತ."

ಫ್ಯಾನ್ ಇನ್ನೂ ಗುಂಯ್‌ಗುಟ್ಟುತ್ತಿತ್ತು.

* * *

ಸೂಪರ್‌ವೈಸರ್ ಮೇಜಿನ ಹಿಂದೆ ನಿಂತಿದ್ದರು. ಇನ್ಸ್‌ಪೆಕ್ಟರಮ್ಮ ಜೇಬಿನ ಪ್ರಿಂಟನ್ನು ಬಿಡಿಸಿ ಅವರ ಮುಂದಿಟ್ಟರು. ಬಾಗಿಲಲ್ಲಿ ಗೇಟಿನವನ ಅಣ್ಣ ಬಂದು ನಿಂತ. ಯಾರೂ ತಡೆಯಲಿಲ್ಲ.

"ಈ ಸಹಿ ನಿಮ್ಮದೇ ತಾನೆ?"

"ಹೌದು. ಆದ್ರೆ ಯಂತ್ರ ಸುಳ್ಳು ಹೇಳಿದ್ರೆ ನಾನೇನ್ ಮಾಡ್ಲಿ?"

"ಯಂತ್ರ ಸುಳ್ಳು ಹೇಳಿಲ್ಲ. ನಾವು ತಲೆಕೆಳಗಾಗಿ ಓದಿದ್ವಿ. ಚಿತ್ರಗಳನ್ನ ಅಳಿಸಿದ್ದು ನಿನ್ನೆ ಬೆಳಿಗ್ಗೆ. ಗೆರೆ ನೆಲಕ್ಕಂಟಿದ ಹೊತ್ತಿನಲ್ಲಿ. ಆಗ ಗೇಟಿನವನು ನೀರಲ್ಲಿದ್ದ. ಇಡೀ ಊರು ನೋಡಿದೆ. ಈ ಪ್ಲಗ್ಗಣ್ಣನೂ ಕಾಲುವೆ ದಂಡೆಯಲ್ಲಿದ್ದ, ದಫೇದಾರರು ವಿಚಾರಿಸಿದಾರೆ. ಪೆಟ್ಟಿಗೆಗೆ ಹೊರಗಿನಿಂದ ದಾರಿಯಿಲ್ಲ. ಈ ಕಚೇರಿಯೊಳಗೆ ಕೂತೇ ಮಾಡಬೇಕು. ಕಚೇರೀಲಿ ಯಾರಿದ್ರು?"

ಸೂಪರ್‌ವೈಸರ್ ಪ್ರಿಂಟನ್ನು ಪಕ್ಕಕ್ಕೆ ಸರಿಸಿದರು.

"ನೀವೇ ಹೇಳಿದ್ರಿ. ನಾನೊಬ್ಬನೇ, ಒಂದು ನರಪಿಳ್ಳೆ ಕಾಲಿಟ್ಟಿಲ್ಲ, ಬೇಕಾದ್ರೆ ಬರ್ಕೊಡ್ತೀನಿ ಅಂದ್ರಿ. ಅಳಿಸಿದ ಮೇಲೆ ಗೆರೆ ನೋಡಿ ನಿಮಗೂ ಆಶ್ಚರ್ಯ ಆಗಿರಬೇಕು. ನಿಮ್ಮ ಹೊತ್ತಿನಲ್ಲಿ ತಗ್ಗು, ಅವನ ಹೊತ್ತಿನಲ್ಲಿ ಎತ್ತರ. ಕೇಳದೆ ಬಂದ ವರ ಅಂತ ಅದನ್ನೇ ಹಿಡ್ಕೊಂಡ್ರಿ. ಆ ಪ್ರಿಂಟ್ ಕೊಡದೇ ಇದ್ದಿದ್ರೆ ಅಳಿಸಿದ್ದು ಬೆಳಿಗ್ಗೆ ಅಂತ ನನಗೆ ಗೊತ್ತೇ ಆಗ್ತಿರಲಿಲ್ಲ."

ದಫೇದಾರರು ಬೀರು ತೆರೆದರು. ಎರಡನೆಯ ಹಿಡಿಕೆ ಕೆಳಗಿನ ಹಲಗೆಯ ಮೇಲಿತ್ತು. ಮೈಯೆಲ್ಲ ಹಳೇ ತುಕ್ಕು. ಗೇಟಿಗೆ ಸಿಕ್ಕಿಸುವ ತುದಿಯಲ್ಲಿ ಮಾತ್ರ ಹೊಸ ಗ್ರೀಸ್.

"ಗೇಟಿನ ಗ್ರೀಸು," ಎಂದ ಬಾಗಿಲಾಚೆಯಿಂದ ಗೇಟಿನವನು. "ಹೋದ ವಾರ ನಾನೇ ಹಚ್ಚಿದ್ದು."

ಸೂಪರ್‌ವೈಸರರ ಭುಜ ಇಳಿಯಿತು. ಇಸ್ತ್ರಿ ಮಾಡಿದ ಅಂಗಿ ಒಮ್ಮೆಲೇ ದೊಡ್ಡದಾದಂತೆ ಕಂಡಿತು.

"ಕಾಲುವೆ ತುದೀಲಿ ನೀರು ಕಾಣಬೇಕಿತ್ತು," ಎಂದರು. "ಮರುದಿನ ದೊಡ್ಡ ಸಾಹೇಬರು ನೋಡೋಕೆ ಬರೋರಿದ್ರು. ತುದಿ ಮುಟ್ಟಿದೆ ಅಂತ ವರದಿ ಕಳಿಸಿದ್ದೆ. ಮುಟ್ಟಿರಲಿಲ್ಲ. ಒಂದು ದಿನ ಮುಂಚೆ ಬಿಟ್ರೆ ಮುಟ್ಟುತ್ತೆ ಅಂದ್ಕೊಂಡೆ."

"ಸೈರನ್?"

"ಊದಿದ್ರೆ ಜನ ಬಂದು ಪಾಳಿ ಇಲ್ಲದೆ ಯಾಕೆ ಬಿಟ್ಟೆ ಅಂತ ಕೇಳ್ತಿದ್ರು." ಅವರು ಬಾಗಿಲ ಕಡೆ ನೋಡಲಾರದೆ ಹೇಳಿದರು. "ಅಷ್ಟು ಹೊತ್ತಿಗೆ ಕಾಲುವೇಲಿ ಯಾರಿರ್ತಾರೆ ಅಂದ್ಕೊಂಡೆ."

ಬಾಗಿಲ ಚೌಕಟ್ಟು ಹಿಡಿದಿದ್ದ ಅಣ್ಣನ ಬೆರಳುಗಳು ಬಿಳಿಚಿಕೊಂಡಿದ್ದವು. ಸೂಪರ್‌ವೈಸರರನ್ನು ಜೀಪಿಗೆ ಹತ್ತಿಸುವವರೆಗೂ ಹಾಗೆಯೇ ನಿಂತಿದ್ದ.

* * *

ಜನ ಕರಗಿದರು. ಹೆಂಟೆ ಎಸೆದವರು ಯಾರೆಂದು ಯಾರಿಗೂ ನೆನಪಿರಲಿಲ್ಲ. ದೊಡ್ಡ ಕಚೇರಿಯಿಂದ ಫೋನು ಬಂತು. ನಾಳೆ ಬೆಳಿಗ್ಗೆ ಮೇಲಿನ ಹೊಲಗಳ ಪಾಳಿ. ನೆಲ ಬಾಯಿ ಬಿಟ್ಟಿದೆ. ಗೇಟು ಎತ್ತಲೇಬೇಕು.

ಗೇಟಿನವನು ತಲೆಯಾಡಿಸಿದ. "ನನ್ನಿಂದಾಗಲ್ಲಮ್ಮಾ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ಆ ಹಿಡಿಕೆ ಮುಟ್ಟಿದ್ರೆ ನನ್ನ ಕೈ ಅಲ್ಲೇ ನಿಂತುಹೋಗುತ್ತೆ."

ಅಣ್ಣ ಮೆಟ್ಟಿಲಿಳಿದು ಬಂದ. ನಿನ್ನೆಯಿಂದ ಮೊದಲ ಸಲ ತಮ್ಮನ ಮುಖವನ್ನು ನೇರವಾಗಿ ನೋಡಿದ.

"ನಾಳೆ ನಾನು ಕಾಲುವೆಯೊಳಗೆ ಇಳೀತೀನಿ," ಎಂದ. "ತುದಿ ತನಕ ನಡೀತೀನಿ. ತಿರುವು ತಿರುವಿಗೂ ಕೂಗಿ ನೋಡ್ತೀನಿ. ಯಾರೂ ಇಲ್ಲ ಅಂತ ಖಾತ್ರಿಯಾದ ಮೇಲೆ ದಂಡೆ ಹತ್ತಿ ಫೋನ್ ಮಾಡ್ತೀನಿ. ಆಮೇಲೆ ತಿರುಗಿಸು."

ತಮ್ಮ ನೆಲ ನೋಡುತ್ತಿದ್ದ.

"ಏನೋ, ಕೇಳಿಸ್ತಾ? ನನ್ನ ದನಿ ಕೇಳೋವರೆಗೂ ಮುಟ್ಟಬೇಡ."

"ಹೂಂ, ಅಣ್ಣ."

"ಈಗ ನಡಿ. ಕರು ನಿನ್ನೆಯಿಂದ ಹಸಿದು ಅರಚ್ಕೊಳ್ತಾ ಇರುತ್ತೆ."